ತೇವದ ಊರಲ್ಲಿ ಒಗೆಯದ ಜೀನ್ಸ್

ಹೊಸ ರಾ ಡೆನಿಮ್ ಜೀನ್ಸನ್ನು ಮಡಚಲು ಹೋದರೆ ಒಣಗಿದ ಅಡಿಕೆ ಹಾಳೆಯ ಹಾಗೆ ಎದುರು ನಿಲ್ಲುತ್ತದೆ. ಉಗುರಿನಿಂದ ಗೀರಿದರೆ ಬಿಳಿಚಿದ ಗೆರೆ ಬೀಳುತ್ತದೆ, ಉಜ್ಜಿದ ಬೆರಳಿಗೆ ನೀಲಿ ಹತ್ತುತ್ತದೆ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಜೀನ್ಸ್‌ಗಳನ್ನು ಕಾರ್ಖಾನೆಯಲ್ಲೇ ಪ್ಯೂಮಿಸ್ ಕಲ್ಲು, ಕಿಣ್ವ, ಲೇಸರ್ ಬಳಸಿ ಸವೆಸಿ, ಮೆತ್ತಗೆ ಮಾಡಿ ಕಳಿಸಿರುತ್ತಾರೆ. ರಾ ಡೆನಿಮ್ ಹೊಲಿಗೆಯಾದ ಮೇಲೆ ಒಗೆತವನ್ನೇ ಕಾಣದ ಬಟ್ಟೆ. ಅದನ್ನು ತಿಂಗಳುಗಟ್ಟಲೆ ಒಗೆಯದೆ ತೊಟ್ಟರೆ ತೊಟ್ಟವರ ನಡಿಗೆ, ಕೂರುವ ಭಂಗಿ, ಜೇಬಿನ ಮೊಬೈಲು ಎಲ್ಲವೂ ಅದರ ಮೇಲೆ ಬಿಳಿ ಗೆರೆಗಳಾಗಿ ಮೂಡುತ್ತವೆ.

‘ಆರು ತಿಂಗಳು ನೀರು ಮುಟ್ಟಿಸಬೇಡಿ’ ಎನ್ನುವುದು ಈ ವಿಷಯದಲ್ಲಿ ಎಲ್ಲರೂ ಕೊಡುವ ಸಲಹೆ. ತಂಪು ಹವೆಯ, ಒಣಗಾಳಿಯ ಊರುಗಳಿಗೆ ಅದು ಸರಿ. ಮಂಗಳೂರು, ಉಡುಪಿಯಲ್ಲಿ ಅದನ್ನು ಅಕ್ಷರಶಃ ಪಾಲಿಸಿದರೆ ಗೆರೆ ಮೂಡುವ ಮೊದಲೇ ಬಟ್ಟೆ ಮುಗ್ಗಲು ಹಿಡಿದೀತು. ಕರಾವಳಿಯಲ್ಲಿ ಎಷ್ಟು ದಿನ ಒಗೆಯಲಿಲ್ಲ ಎಂಬುದಕ್ಕಿಂತ ಎಷ್ಟು ಹೊತ್ತು ಬಟ್ಟೆ ತೇವವಾಗಿ ಉಳಿಯಿತು ಎಂಬ ಲೆಕ್ಕ ಮುಖ್ಯ.

ಮೊದಲು ಗೆರೆ ಮೂಡುವ ಬಗೆ ನೋಡೋಣ. ಡೆನಿಮ್‌ನಲ್ಲಿ ಹಾಸಿನ (ಉದ್ದಕ್ಕೆ ಸಾಗುವ) ನೂಲು ನೀಲಿ, ಹೊಕ್ಕಿನ (ಅಡ್ಡಕ್ಕೆ ಸಾಗುವ) ನೂಲು ಬಿಳಿ. ಹಾಸಿನ ಪ್ರತಿ ಎಳೆ ಮೂರು ಹೊಕ್ಕುಗಳ ಮೇಲೆ ಹಾದು ಒಂದರ ಕೆಳಗೆ ನುಸುಳುವುದರಿಂದ ಹೊರಮೈ ನೀಲಿಯಾಗಿಯೂ ಒಳಮೈ ಬಿಳಿಯಾಗಿಯೂ ಕಾಣುತ್ತದೆ. ನೀಲಿಗೆ ಬಳಸುವುದು ಇಂಡಿಗೊ. ಇದು ನೀರಿನಲ್ಲಿ ಕರಗುವುದಿಲ್ಲ. ಕ್ಷಾರದ ತೊಟ್ಟಿಯಲ್ಲಿ ರಾಸಾಯನಿಕವಾಗಿ ಅಪಕರ್ಷಿಸಿದಾಗ ಮಾತ್ರ ಹಳದಿ–ಹಸಿರು ಬಣ್ಣ ತಾಳಿ ಕರಗುತ್ತದೆ. ನೂಲನ್ನು ಅದರಲ್ಲಿ ಅದ್ದಿ ಮೇಲೆತ್ತಿದರೆ ಗಾಳಿಯ ಆಮ್ಲಜನಕ ತಾಗಿ ಕಣ್ಣೆದುರೇ ನೀಲಿಗೆ ತಿರುಗುತ್ತದೆ. ಹೀಗೆ ಹಲವು ಬಾರಿ ಅದ್ದಿ ಎತ್ತಿದರೂ ಬಣ್ಣ ನೂಲಿನ ತಿರುಳಿಗೆ ಇಳಿಯುವುದಿಲ್ಲ. ಜೀನ್ಸ್‌ನ ಅಂಚಿನಿಂದ ಒಂದು ನೀಲಿ ಎಳೆ ಕಿತ್ತು, ಅಡ್ಡಕ್ಕೆ ಕತ್ತರಿಸಿ ಭೂತಗನ್ನಡಿಯಲ್ಲಿ ನೋಡಿ: ನೀಲಿ ಬಳೆಯೊಳಗೆ ಬಿಳಿ ಚುಕ್ಕೆ. ಉಜ್ಜಿದಲ್ಲಿ ಬಳೆ ಸವೆದು ಬಿಳಿ ಹೊರಬರುತ್ತದೆ, ಅಷ್ಟೇ.

ಬಣ್ಣ ಬಿಡದಿರಲಿ ಎಂದು ಹೊಸ ಬಟ್ಟೆಯನ್ನು ಉಪ್ಪುನೀರಿನಲ್ಲೋ ವಿನೆಗರ್‌ನಲ್ಲೋ ನೆನೆಸುವ ರೂಢಿ ನಮ್ಮ ಮನೆಗಳಲ್ಲಿದೆ. ಇಂಡಿಗೊಗೆ ಅದರಿಂದ ಏನೂ ಆಗದು. ಅದು ಹತ್ತಿಯ ಜೊತೆ ರಾಸಾಯನಿಕವಾಗಿ ಬೆಸೆದುಕೊಂಡಿಲ್ಲ, ಎಳೆಗಳ ನಡುವೆ ಸಿಕ್ಕಿಕೊಂಡ ಕಣ ಅದು. ಇಲ್ಲದ ಬೆಸುಗೆಯನ್ನು ಉಪ್ಪು ಗಟ್ಟಿ ಮಾಡಲಾರದು. ಮೊದಲ ಕೆಲವು ವಾರ ಬಿಳಿ ಪಂಚೆಯ ಪಕ್ಕ ತೂಗಹಾಕಬೇಡಿ, ತಿಳಿಬಣ್ಣದ ಸೋಫಾ, ಸ್ಕೂಟರಿನ ಬಿಳಿ ಸೀಟಿನಿಂದ ದೂರವಿರಿ. ಒದ್ದೆಯಾದಾಗ ನೀಲಿ ಇನ್ನೂ ಹೆಚ್ಚು ಹತ್ತುತ್ತದೆ.

ಬಿರುಸಿಗೆ ಕಾರಣ ಗಂಜಿ. ಉಡುಪಿ ಸೀರೆ ನೇಯುವ ಕೈಮಗ್ಗದವರಾಗಲಿ, ಡೆನಿಮ್ ನೇಯುವ ಗಿರಣಿಯಾಗಲಿ, ಮಗ್ಗದ ಎಳೆತ–ಉಜ್ಜಾಟಕ್ಕೆ ಹಾಸಿನ ನೂಲು ಕಡಿಯದಿರಲೆಂದು ಗಂಜಿ ಕೊಡುತ್ತಾರೆ. ರಾ ಡೆನಿಮ್‌ನಲ್ಲಿ ಅದು ಹಾಗೆಯೇ ಉಳಿದಿರುತ್ತದೆ. ಗಂಜಿ ಇರುವಷ್ಟು ದಿನ ಬಟ್ಟೆ ಒಮ್ಮೆ ಮಡಚಿಕೊಂಡ ಜಾಗದಲ್ಲೇ ಮತ್ತೆ ಮತ್ತೆ ಮಡಚಿಕೊಳ್ಳುತ್ತದೆ. ಮಡಿಕೆಯ ಏಣು ಉಜ್ಜಿ ಬೆಳ್ಳಗಾಗುತ್ತದೆ, ಕಣಿವೆಯಲ್ಲಿ ಬಣ್ಣ ಭದ್ರವಾಗಿರುತ್ತದೆ. ತೊಡೆಯ ಮೇಲಿನ ಬೆಕ್ಕಿನ ಮೀಸೆಯಂಥ ಗೆರೆಗಳೂ ಮಂಡಿಯ ಹಿಂದಿನ ಜೇನುಗೂಡಿನಂಥ ಜಾಲವೂ ಮೂಡುವುದು ಹೀಗೆ. ಬೇಗ ಒಗೆದರೆ ಗಂಜಿ ಹೋಗುತ್ತದೆ, ಮಡಿಕೆ ದಿನಕ್ಕೊಂದು ಕಡೆ ಬೀಳುತ್ತದೆ, ಇಡೀ ಬಟ್ಟೆ ಒಂದೇ ಸಮ ಮಾಸುತ್ತದೆ. ಒಗೆಯದಿರುವುದರ ಹಿಂದಿನ ತರ್ಕ ಇಷ್ಟೇ. ಆದರೆ ಅದೇ ಗಂಜಿ ಬೂಷ್ಟಿಗೂ ಸಿಲ್ವರ್ ಫಿಶ್ ಹುಳಕ್ಕೂ ಊಟ.

ಕೊಳ್ಳುವಾಗ ಕೇಳಬೇಕಾದದ್ದು ಎರಡು: ತೂಕ ಎಷ್ಟು, ಸ್ಯಾನ್‌ಫೊರೈಸ್ ಆಗಿದೆಯೇ. ಡೆನಿಮ್‌ನ ತೂಕವನ್ನು ಚದರ ಗಜಕ್ಕೆ ಇಷ್ಟು ಔನ್ಸ್ ಎಂದು ಹೇಳುತ್ತಾರೆ. 14 ಔನ್ಸ್ ಎಂದರೆ ಚದರ ಮೀಟರಿಗೆ ಸುಮಾರು 475 ಗ್ರಾಂ. ನಮ್ಮ ಸೆಕೆಗೆ 12–13 ಔನ್ಸ್ ಸಾಕು. 18–21 ಔನ್ಸಿನ ಬಟ್ಟೆಯಲ್ಲಿ ಗೆರೆ ಅದ್ಭುತವಾಗಿ ಮೂಡುತ್ತದೆ ನಿಜ, ಆದರೆ ಇಲ್ಲಿ ಅದು ಬೆವರು ಕುಡಿದರೆ ರಾತ್ರಿ ಬೆಳಗಾಗುವುದರೊಳಗೆ ಒಣಗುವುದಿಲ್ಲ. ಸ್ಯಾನ್‌ಫೊರೈಸ್ ಎಂದರೆ ಗಿರಣಿಯಲ್ಲೇ ಬಟ್ಟೆಯನ್ನು ಮುಂಚಿತವಾಗಿ ಕುಗ್ಗಿಸುವ ಕ್ರಮ. ಅದಾಗಿದ್ದರೆ ಒಗೆದಾಗ ಶೇ. 1–3ರಷ್ಟು ಕುಗ್ಗುತ್ತದೆ, ಆಗಿಲ್ಲದಿದ್ದರೆ ಶೇ. 7–10. 32 ಇಂಚಿನ ಕಾಲಿನಲ್ಲಿ ಇದು ಎರಡರಿಂದ ಮೂರು ಇಂಚು!

ಸ್ಯಾನ್‌ಫೊರೈಸ್ ಆಗದ್ದನ್ನು ತೊಡುವ ಮೊದಲು ನೆನೆಸಲೇಬೇಕು. ಒಳಮೈ ಹೊರಗೆ ಮಾಡಿ, ಗುಂಡಿ ಹಾಕಿ, ಕೈ ತಾಳುವಷ್ಟು ಬಿಸಿಯ ನೀರಿನಲ್ಲಿ ಸೋಪಿಲ್ಲದೆ 45 ನಿಮಿಷ ಮುಳುಗಿಸಿಡಿ. ತೇಲದಂತೆ ಮೇಲೊಂದು ನೀರು ತುಂಬಿದ ಸ್ಟೀಲ್ ಪಾತ್ರೆ ಇಟ್ಟರೆ ಸಾಕು. ಅರ್ಧ ಮುಳುಗಿದರೆ ಮುಳುಗಿದ ಭಾಗ ಮಾತ್ರ ಕುಗ್ಗಿ, ನೀರಿನ ಅಂಚಿನಲ್ಲಿ ಒಂದು ಗೆರೆ ಉಳಿದುಬಿಡುತ್ತದೆ. ಹಿಂಡದೆ ನೆರಳಿನಲ್ಲಿ ತೂಗಹಾಕಿ. ಸ್ಯಾನ್‌ಫೊರೈಸ್ ಆದದ್ದನ್ನು ನೆನೆಸದೆಯೂ ತೊಡಬಹುದು. ಸೊಂಟ ಬಿಗಿಯಾಗಿ, ಗುಂಡಿ ಹಾಕಲು ಸ್ವಲ್ಪ ಕಷ್ಟವಾಗುವಷ್ಟಿರಲಿ. ತೊಡುತ್ತ ಒಂದು ಇಂಚಿನಷ್ಟು ಸಡಿಲಾಗುತ್ತದೆ.

ಕಾಲಿನ ಅಂಚನ್ನು ಮೊದಲ ನೀರಿಗೆ ಮುಂಚೆ ಕತ್ತರಿಸಿ ಹೊಲಿಸಬೇಡಿ. ಕುಗ್ಗಿದ ಮೇಲೆ ಕೂಡಿಸಲು ಬಟ್ಟೆ ಎಲ್ಲಿಂದ ತರುವುದು? ಅಲ್ಲಿಯವರೆಗೆ ಹೊರಕ್ಕೆ ಮಡಚಿಕೊಳ್ಳಿ. ಹೊಲಿಸುವಾಗ ಟೈಲರಿಗೆ 16 ಅಥವಾ 18ನೇ ನಂಬರಿನ ಸೂಜಿ ಹಾಕಲು ಹೇಳಿ. ಪಕ್ಕದ ಹೊಲಿಗೆ ಅಂಚಿಗೆ ಬಂದು ಸೇರುವ ಕಡೆ ಬಟ್ಟೆ ಹಲವು ಪದರವಾಗುತ್ತದೆ, ಶರ್ಟ್ ಹೊಲಿಯುವ ತೆಳು ಸೂಜಿ ಅಲ್ಲಿ ಮುರಿಯುತ್ತದೆ.

ಕಾಲಮಾನಕ್ಕೆ ನಮ್ಮಲ್ಲೇ ಒಂದು ಒಳ್ಳೆಯ ಅಳತೆಗೋಲಿದೆ. ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುವ ಹೊತ್ತಿಗೆ, ಅಂದರೆ ನವೆಂಬರ್ ಮಧ್ಯದಲ್ಲಿ, ಜೀನ್ಸ್ ತೊಡಲು ಶುರು ಮಾಡಿ. ಮೇ ಕೊನೆಗೆ ಬರುವ ಪತ್ತನಾಜೆಗೆ ಅವು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವಾಗ ನೀವೂ ಅದನ್ನು ತೆಗೆದಿಡಿ. ನವೆಂಬರಿನಿಂದ ಫೆಬ್ರವರಿ ಕೊನೆಯವರೆಗೆ ವಾರಕ್ಕೆ ಐದು ದಿನ ತೊಟ್ಟರೆ ಸುಮಾರು 75 ದಿನದ ತೊಡುಗೆಯಾಗುತ್ತದೆ. ಈ ಅವಧಿಯಲ್ಲಿ ಒಗೆಯದಿದ್ದರೆ ಮಡಿಕೆಗಳು ತಮ್ಮ ಜಾಗದಲ್ಲಿ ನೆಲೆಯೂರುತ್ತವೆ. ಮಾರ್ಚ್‌ನ ಬೆವರು ಶುರುವಾಗುವಾಗ ಮೊದಲ ಒಗೆತ. ಅಲ್ಲಿಂದ ಮೇ ತನಕ ಮೂರು–ನಾಲ್ಕು ವಾರಕ್ಕೊಮ್ಮೆ. ಆರೇಳು ತಿಂಗಳು ನೀರು ಕಾಣದ ಜೀನ್ಸ್‌ನಷ್ಟು ಕಡುಗೆರೆ ಬರಲಿಕ್ಕಿಲ್ಲ. ಬರದಿದ್ದರೆ ಬೇಡ, ಎರಡನೇ ವರ್ಷ ಅದೇ ಬಟ್ಟೆ ಗಟ್ಟಿಯಾಗಿ ಕೈಯಲ್ಲಿರುವುದು ದೊಡ್ಡದು.

ಪ್ರತಿ ರಾತ್ರಿಯ ಕೆಲಸ ಸಣ್ಣದು, ಆದರೆ ಎಲ್ಲ ನಿಂತಿರುವುದು ಅದರ ಮೇಲೆ. ಬಿಚ್ಚಿದ ಕೂಡಲೇ ಒಳಮೈ ಹೊರಗೆ ಮಾಡಿ, ಜೇಬುಗಳನ್ನು ಹೊರಕ್ಕೆ ಎಳೆದು, ಸೊಂಟದ ಲೂಪಿನಿಂದ ತೂಗಹಾಕಿ ಫ್ಯಾನ್ ಗಾಳಿ ಬಿಡಿ. ಬಾಗಿಲ ಹಿಂದಿನ ಮೊಳೆಗೆ ಉಳಿದ ಬಟ್ಟೆಗಳ ಜೊತೆ ಸಿಕ್ಕಿಸಿದರೆ ಗಾಳಿಯಾಡುವುದಿಲ್ಲ. ಬೆಳಿಗ್ಗೆ ಸೊಂಟಪಟ್ಟಿಯನ್ನೂ ತೊಡೆಸಂದಿನ ದಪ್ಪ ಹೊಲಿಗೆಯನ್ನೂ ಬೆರಳಲ್ಲಿ ಒತ್ತಿ ನೋಡಿ. ಕೊನೆಗೆ ಒಣಗುವುದು ಇವೆರಡೇ. ತಣ್ಣಗೆನಿಸಿದರೆ ಅಂದು ಬೇರೆ ಪ್ಯಾಂಟ್ ಹಾಕಿಕೊಳ್ಳಿ. ಸಾರಿನ ಹನಿ ಬಿದ್ದರೆ ಆ ಜಾಗವನ್ನಷ್ಟೇ ಒದ್ದೆ ಬಟ್ಟೆಯಿಂದ ಒತ್ತಿ ತೆಗೆಯಿರಿ. ಉಜ್ಜಿದರೆ ಅಲ್ಲೊಂದು ಬಿಳಿ ಮಚ್ಚೆಯೇ ಆಗುತ್ತದೆ.

ಇಷ್ಟು ಜಾಗ್ರತೆ ಏಕೆಂದರೆ ಹತ್ತಿ ಅಂದರೆ ಬಹುಪಾಲು ಸೆಲ್ಯುಲೋಸ್, ಅದನ್ನು ತಿಂದು ಬದುಕುವ ಜೀವಿಗಳಿಗೆ ನಮ್ಮ ಹವೆ ಹೇಳಿ ಮಾಡಿಸಿದ್ದು. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಸಿಫಿಕ್‌ನ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೈನ್ಯದ ಹತ್ತಿಯ ಡೇರೆಗಳು, ಸಾಮಗ್ರಿಗಳು ವಿಪರೀತ ಬೇಗ ಕೊಳೆತು ಹೋಗುತ್ತಿದ್ದವು. ಕೊಳೆತ ಬಟ್ಟೆಯಿಂದ ಬೇರ್ಪಡಿಸಿದ ಒಂದು ಶಿಲೀಂಧ್ರಕ್ಕೆ ಮುಂದೆ, ಅದನ್ನು ಅಧ್ಯಯನ ಮಾಡಿದ ಎಲ್ವಿನ್ ರೀಸ್ ಅವರ ಗೌರವಾರ್ಥ, ಟ್ರೈಕೋಡರ್ಮಾ ರೀಸಿ ಎಂದು ಹೆಸರಾಯಿತು. ಅದು ಸ್ರವಿಸುವ ಸೆಲ್ಯುಲೇಸ್ ಎಂಬ ಕಿಣ್ವ ಹತ್ತಿಯ ಉದ್ದನೆಯ ಸೆಲ್ಯುಲೋಸ್ ಸರಪಣಿಗಳನ್ನು ತುಂಡರಿಸಿ ಸಕ್ಕರೆ ಮಾಡುತ್ತದೆ. ಇಂದು ಕಾರ್ಖಾನೆಗಳಲ್ಲಿ ಹೊಸ ಜೀನ್ಸನ್ನು ‘ಹಳತು’ ಮಾಡಲು ಬಳಸುವುದೂ ಇಂಥದೇ ಶಿಲೀಂಧ್ರಗಳಿಂದ ಪಡೆದ ಸೆಲ್ಯುಲೇಸ್. ಅಲ್ಲಿ ಪ್ರಮಾಣ, ಬಿಸಿ, ಸಮಯ ನಿಯಂತ್ರಿಸಿ ಮೇಲ್ಪದರವನ್ನಷ್ಟೇ ಸವೆಸುತ್ತಾರೆ, ನಂತರ ಕಿಣ್ವವನ್ನು ನಿಷ್ಕ್ರಿಯಗೊಳಿಸುತ್ತಾರೆ. ಕಪಾಟಿನೊಳಗಿನ ಬೂಷ್ಟನ್ನು ನಿಲ್ಲಿಸುವವರಿಲ್ಲ. ಮಳೆಗಾಲದಲ್ಲಿ ಇಲ್ಲಿ ಗಾಳಿಯ ಸಾಪೇಕ್ಷ ತೇವಾಂಶ ಶೇ. 90ರ ಆಸುಪಾಸಿನಲ್ಲಿರುತ್ತದೆ, ಬೂಷ್ಟಿಗೆ ಶೇ. 75 ದಾಟಿದರೆ ಸಾಕು. ಬೆವರು ಹೀರಿದ, ಗಂಜಿ ತುಂಬಿದ ಜೀನ್ಸ್ ಜುಲೈ ತಿಂಗಳಲ್ಲಿ ಮುಚ್ಚಿದ ಕಪಾಟಿನಲ್ಲಿದ್ದರೆ ಹಸಿರು–ಕಪ್ಪು ಚುಕ್ಕೆ ಏಳಲು ಹೆಚ್ಚು ದಿನ ಬೇಡ. ಆ ಚುಕ್ಕೆಗಳನ್ನು ತೊಳೆಯಬಹುದು, ಕಳೆದುಹೋದ ಬಲವನ್ನು ಮರಳಿ ತರಲಾಗದು.

ಒಗೆಯದಿರುವುದನ್ನು ಸಮರ್ಥಿಸುವವರು ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾಲಯದ ಒಂದು ಪ್ರಯೋಗವನ್ನು ಉದಾಹರಿಸುವುದುಂಟು. 2011ರಲ್ಲಿ ಸುದ್ದಿಯಾದ ಆ ಪ್ರಯೋಗದಲ್ಲಿ ವಿದ್ಯಾರ್ಥಿಯೊಬ್ಬ 15 ತಿಂಗಳು ಒಗೆಯದೆ ತೊಟ್ಟ ಜೀನ್ಸ್‌ನಲ್ಲೂ, ಒಗೆದು ಎರಡು ವಾರದ ಮಟ್ಟಿಗೆ ತೊಟ್ಟ ಅದೇ ಜೀನ್ಸ್‌ನಲ್ಲೂ ಬ್ಯಾಕ್ಟೀರಿಯಾಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ ಆಗಿತ್ತು. ಇದು ನಿಜ, ಮತ್ತು ಉಪಯುಕ್ತ ಮಾಹಿತಿ. ಆದರೆ ಅದು ಎಡ್ಮಂಟನ್‌ನ ಒಣ ಚಳಿಯಲ್ಲಿ ಒಬ್ಬನೇ ವ್ಯಕ್ತಿ ತೊಟ್ಟ ಒಂದೇ ಜೀನ್ಸ್. ಅಲ್ಲಿನ ಫಲಿತಾಂಶವನ್ನು ಸುರತ್ಕಲ್ಲಿನ ಏಪ್ರಿಲ್ ತಿಂಗಳಿಗೆ ಅನ್ವಯಿಸಲಾಗದು.

ಇಲ್ಲಿ ಚರ್ಮವೂ ತನ್ನ ಮಾತು ಹೇಳುತ್ತದೆ. ಬಿಗಿಯಾದ, ಬೆವರಿದ ಜೀನ್ಸ್ ತೊಡೆಸಂದಿನಲ್ಲಿ ಹುಳುಕಡ್ಡಿಗೆ ದಾರಿ ಮಾಡಿಕೊಡುತ್ತದೆ. ಉಂಗುರದಂತೆ ಕೆಂಪಾಗಿ ಹಬ್ಬುವ ತುರಿಕೆ ಕಂಡರೆ ಗೆರೆಗಳ ಆಸೆ ಬಿಟ್ಟು ಜೀನ್ಸನ್ನು 60 ಡಿಗ್ರಿ ಬಿಸಿನೀರಲ್ಲಿ ಒಗೆಯಿರಿ, ವಾಸಿಯಾಗುವ ತನಕ ಸಡಿಲ ಹತ್ತಿಬಟ್ಟೆ ತೊಡಿ. ಸ್ಟೀರಾಯ್ಡ್ ಸೇರಿದ ಮುಲಾಮನ್ನು ಮೆಡಿಕಲ್‌ನಲ್ಲಿ ಕೇಳಿ ಹಚ್ಚಿಕೊಂಡರೆ ಮೊದಲು ತುರಿಕೆ ಇಳಿದು ಆಮೇಲೆ ಹೆಚ್ಚಾಗುತ್ತದೆ; ಚರ್ಮವೈದ್ಯರ ಬಳಿ ಹೋಗುವುದೇ ಸರಿ.

ವಾಸನೆ ಬಂದರೆ ಫ್ರೀಜರಿನಲ್ಲಿಡಿ ಎಂಬ ಉಪಾಯ ಫಲ ಕೊಡುವುದಿಲ್ಲ. ಚಳಿಗೆ ಬ್ಯಾಕ್ಟೀರಿಯಾಗಳು ಸುಮ್ಮನಾಗುತ್ತವೆ, ಬಹಳಷ್ಟು ಸಾಯುವುದಿಲ್ಲ. ಹೊರತೆಗೆದ ತಣ್ಣನೆ ಬಟ್ಟೆಯ ಮೇಲೆ ನಮ್ಮ ಗಾಳಿಯ ತೇವ ಹನಿಗಟ್ಟುತ್ತದೆ. ಇನ್ನೊಂದು ಆಕರ್ಷಣೆ ಸಮುದ್ರ. ಜೀನ್ಸ್ ತೊಟ್ಟೇ ಸಮುದ್ರಕ್ಕಿಳಿದು ಮರಳಲ್ಲಿ ಉಜ್ಜಿಕೊಳ್ಳುವುದು ಹೊರದೇಶಗಳಲ್ಲಿ ಪ್ರಚಲಿತ ಕ್ರಮ, ಮಲ್ಪೆ, ಪಣಂಬೂರು ಪಕ್ಕದಲ್ಲೇ ಇರುವಾಗ ಮನಸ್ಸಾಗುವುದು ಸಹಜ. ಲೆಕ್ಕ ನೋಡಿ: ನೀರಿಳಿದ ಮೇಲೂ ಜೀನ್ಸ್ ಒಂದು ಲೀಟರಿನಷ್ಟು ನೀರು ಹಿಡಿದುಕೊಂಡಿರುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ. ಒಣಗಿದಾಗ ಅಷ್ಟೂ ಬಟ್ಟೆಯಲ್ಲೇ. ಅದರಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಜೀನ್ಸ್ ಎಷ್ಟು ಒಣಗಿಸಿದರೂ ಜಿಗುಟಾಗಿಯೇ ಇರುತ್ತದೆ. ತಾಮ್ರದ ರಿವೆಟ್ಟಿನ ಸುತ್ತ ಹಸಿರು ಕಿಲುಬು, ಕಬ್ಬಿಣದ ಗುಂಡಿಯ ಸುತ್ತ ತುಕ್ಕಿನ ಕಲೆ. ಹೊಲಿಗೆಯೊಳಗೆ ಸೇರಿದ ಮರಳು ಹೆಜ್ಜೆಹೆಜ್ಜೆಗೂ ನೂಲನ್ನು ಕೊಯ್ಯುತ್ತದೆ. ಹೇಗೂ ಇಳಿದಿದ್ದೀರಾದರೆ ಅದೇ ದಿನ ಬಾವಿನೀರಲ್ಲಿ ಮೂರು ಬಾರಿ ಜಾಲಾಡಿ.

ಮೊದಲ ಒಗೆತಕ್ಕೆ ಒಂದು ದೊಡ್ಡ ಟಬ್, 15 ಲೀಟರ್ ಉಗುರು ಬೆಚ್ಚಗಿನ ನೀರು, 10–15 ಮಿ.ಲೀ. ದ್ರವ ಸೋಪು. ಬ್ಲೀಚ್, ಸೋಡಾ ಬೇಡ. ಒಳಮೈ ಹೊರಗೆ ಮಾಡಿ ಅರ್ಧ ಗಂಟೆ ನೆನೆಸಿ, ಅಂಗೈಯಿಂದ ಒತ್ತಿ ಒತ್ತಿ ಕೊಳೆ ಬಿಡಿಸಿ. ಒಗೆಯುವ ಕಲ್ಲಿಗೆ ಎತ್ತಿ ಬಡಿದರೆ, ಬ್ರಷ್ ಹಾಕಿದರೆ ಮುಗಿಯಿತು, ಅಡ್ಡಾದಿಡ್ಡಿ ಬಿಳಿ ಪಟ್ಟೆಗಳು. ಮೆಷಿನ್ನಿನ ಸ್ಪಿನ್‌ನಲ್ಲಿ ಸುಕ್ಕಾಗಿ ಒತ್ತಿಕೊಂಡ ಕಡೆಯೂ ಹೀಗೇ ಆಗುತ್ತದೆ. ಮೂರು ನೀರಿನಲ್ಲಿ ಜಾಲಾಡಿ. ಜಂಬಿಟ್ಟಿಗೆ ಕಲ್ಲಿನ ನೆಲದ ಬಾವಿನೀರು ಮೆದು, ಸೋಪಿನ ಜಾರಿಕೆ ಬೇಗ ಹೋಗುವುದಿಲ್ಲ. ಸೊಂಟದಿಂದ ತೂಗಹಾಕಿ ಗಾಳಿಯಾಡುವ ನೆರಳಲ್ಲಿ ಒಣಗಿಸಿ. ಒಣಗಿದ ಮೇಲೆ ನೋಡಿ, ಎಣ್ಣೆ–ಧೂಳಿನ ಮಬ್ಬು ಹೋಗಿ ಅಷ್ಟು ದಿನ ಮಸುಕಾಗಿದ್ದ ಗೆರೆಗಳು ಒಮ್ಮೆಲೇ ಎದ್ದು ಕಾಣುತ್ತವೆ.

ಆಗಲೇ ತೊಡೆಸಂದಿನ ಹೊಲಿಗೆ ಕೂಡುವ ಜಾಗವನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿ. ಬೈಕ್ ಓಡಿಸುವವರಿಗೆ ಮೊದಲು ಹರಿಯುವುದು ಅಲ್ಲೇ. ನೀಲಿ ಎಳೆ ಸವೆದು ಅಡ್ಡ ಬಿಳಿ ಎಳೆಗಳು ಮಾತ್ರ ಉಳಿದಿದ್ದರೆ ತೂತಾಗುವವರೆಗೆ ಕಾಯಬೇಡಿ. ಒಳಗಿನಿಂದ ತೆಳುವಾದ ಹತ್ತಿಬಟ್ಟೆ ಇಟ್ಟು, ಸವೆದ ಜಾಗಕ್ಕಿಂತ ಸುತ್ತಲೂ ಒಂದು ಇಂಚು ಹೆಚ್ಚು ಬರುವಂತೆ, ನೀಲಿ ನೂಲಿನಿಂದ ಹಾಸಿನ ದಿಕ್ಕಿನಲ್ಲೇ ಒತ್ತೊತ್ತಾಗಿ ಹೊಲಿಸಿ. ದಪ್ಪ ತೇಪೆ ಹಾಕಿದರೆ ಅದರ ಅಂಚಿನಲ್ಲೇ ಹೊಸದಾಗಿ ಹರಿಯುತ್ತದೆ.

ಪತ್ತನಾಜೆಗೆ ಮುಂಚಿನ ಕೊನೆಯ ಒಗೆತದ ನಂತರ ಒಳಮೈ ಹೊರಗೆ ಮಾಡಿ ಮೇ ತಿಂಗಳ ಬಿಸಿಲಿಗೆ ಮೂರು–ನಾಲ್ಕು ಗಂಟೆ ಹಾಕಿ. ನೆರಳಿಗೆ ತಂದು ಬಿಸಿ ಆರಿದ ಕೂಡಲೇ, ಮಧ್ಯಾಹ್ನದಲ್ಲೇ, ಗಾಳಿಯಾಡದ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ 50 ಗ್ರಾಂ ಸಿಲಿಕಾ ಜೆಲ್ ಜೊತೆ ಕಟ್ಟಿಡಿ. ಸಂಜೆಯವರೆಗೆ ಬಿಟ್ಟರೆ ಹತ್ತಿ ಮತ್ತೆ ತೇವ ಹೀರಿರುತ್ತದೆ. ನುಸಿಗುಳಿಗೆಯನ್ನು ಬೂಷ್ಟಿಗೆ ಮದ್ದೆಂದು ನಂಬಬೇಡಿ. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಚೀಲವನ್ನು ತೆರೆಯದೆ ಹೊರಗಿನಿಂದಲೇ ನೋಡಿ: ನೀಲಿ ಬಣ್ಣದ ಜೆಲ್ ಹಾಕಿದ್ದು ಅದು ಗುಲಾಬಿಗೆ ತಿರುಗಿದ್ದರೆ ಚೀಲದೊಳಗೆ ತೇವ ಸೇರಿದೆ. ಒಂದು ಬಿಸಿಲ ದಿನಕ್ಕೆ ಕಾದು ಜೀನ್ಸನ್ನು ಇನ್ನೊಮ್ಮೆ ಒಣಗಿಸಿ, ಹೊಸ ಜೆಲ್ ಹಾಕಿ ಕಟ್ಟಿಡಿ.