ಪದ ಪರಿಚಯ: ತೈಲ ಪ್ರತಿಕೃತಿ

ಪ್ರತಿಕೃತಿ ಎಂದ ಕೂಡಲೇ ಪತ್ರಿಕೆ ಓದುವವರಿಗೆ ನೆನಪಾಗುವುದು ‘ಪ್ರತಿಕೃತಿ ದಹನ’. ಚಿತ್ರಕಲೆಯಲ್ಲಿ ಈ ಪದಕ್ಕೆ ಅರ್ಥವೇ ಬೇರೆ. ಹಳೆಯ ಚಿತ್ರವೊಂದನ್ನು ಅದರದೇ ಮಾಧ್ಯಮದಲ್ಲಿ, ಪದರದ ಮೇಲೆ ಪದರವಾಗಿ, ಕೈಯಿಂದ ಮತ್ತೆ ಬರೆದರೆ ಅದು ಪ್ರತಿಕೃತಿ. ಕ್ಯಾನ್ವಾಸ್ ಮೇಲೆ ಎಣ್ಣೆಬಣ್ಣದಲ್ಲಿ ಬರೆದದ್ದಾದರೆ ತೈಲ ಪ್ರತಿಕೃತಿ. ಇದನ್ನು ನಕಲು ಎನ್ನಬಹುದು, ನಕಲಿ ಎನ್ನಬಾರದು. ಮೂಲವೆಂದು ಹೇಳಿ ಮಾರಲು ಹೊರಟಾಗ ಮಾತ್ರ ಅದು ನಕಲಿ. ಆದ್ದರಿಂದಲೇ ಪ್ರಾಮಾಣಿಕ ಪ್ರತಿಕೃತಿಯಲ್ಲಿ ಮೂಲ ಕಲಾವಿದರ ಸಹಿ ಇರುವುದಿಲ್ಲ. ಕ್ಯಾನ್ವಾಸಿನ ಬೆನ್ನಿಗೆ ನಕಲು ಮಾಡಿದವರ ಹೆಸರು, ವರ್ಷ ಇರುತ್ತದೆ. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂ ಒಳಗೆ ಕೂತು ನಕಲು ಮಾಡುವವರ ಕ್ಯಾನ್ವಾಸ್ ಮೂಲದಷ್ಟೇ ಅಳತೆಯದಾಗಿರುವಂತಿಲ್ಲ, ಐದರಲ್ಲೊಂದು ಪಾಲು ದೊಡ್ಡದೋ ಚಿಕ್ಕದೋ ಇರಬೇಕು.

ಎಣ್ಣೆಚಿತ್ರದಂತೆ ಕಾಣುವ ಅಚ್ಚಿನ ಚಿತ್ರ, ಅಂದರೆ ಓಲಿಯೋಗ್ರಾಫ್, ಇದಲ್ಲ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ತೆರೆದ ಪ್ರೆಸ್ಸಿನಿಂದ ಬಂದು ಹಳೆಯ ಮನೆಗಳ ದೇವರಕೋಣೆ ಸೇರಿದ ಲಕ್ಷ್ಮಿ, ಸರಸ್ವತಿಯರು ಕಲ್ಲಚ್ಚಿನ ಚಿತ್ರಗಳು. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ಚಿನ್ನದ ರೇಕು ಅಂಟಿಸುವ ಮೈಸೂರು ಶೈಲಿಯದು ಇನ್ನೊಂದೇ ದಾರಿ.

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ರವಿವರ್ಮರ ‘ಗ್ಯಾಲಕ್ಸಿ ಆಫ್ ಮ್ಯುಸಿಷಿಯನ್ಸ್’ ಚಿತ್ರವನ್ನೇ ತೆಗೆದುಕೊಳ್ಳಿ. 1889ರ ಈ ಎಣ್ಣೆಚಿತ್ರದಲ್ಲಿ ಬೇರೆ ಬೇರೆ ಸೀಮೆಯ ಉಡುಗೆ ತೊಟ್ಟ 11 ಹೆಂಗಸರಿದ್ದಾರೆ. ಇದನ್ನು ಒಂದೂವರೆ ಅಡಿಗೆ ಎರಡಡಿ ಅಳತೆಯಲ್ಲಿ ಬರೆಸಿದರೆ ಒಂದೊಂದು ಮುಖ ಎರಡು ಇಂಚು ದಾಟುವುದು ಕಷ್ಟ. ಕಣ್ಣು ಕುಂಚದ ತುದಿಯ ಒಂದು ಚುಕ್ಕೆಯಾಗುತ್ತದೆ, ಮುಖಭಾವ ಹೋಗಿಬಿಡುತ್ತದೆ. ಗುಂಪಿನ ಚಿತ್ರಕ್ಕೆ ಮೂರಡಿಗೆ ನಾಲ್ಕಡಿಯಾದರೂ ಬೇಕು. ಗೋಡೆ ಚಿಕ್ಕದಿದ್ದರೆ ಒಬ್ಬರೇ ಇರುವ ಚಿತ್ರ ಆರಿಸುವುದು ಮೇಲು.

ಕೆಲಸ ಶುರುವಾಗುವುದು ಬಟ್ಟೆಯಿಂದ. ಹತ್ತಿಗಿಂತ ಅಗಸೆನಾರಿನ ಲಿನನ್ ಬಿಗಿ ಕಾಯ್ದುಕೊಳ್ಳುತ್ತದೆ. ಅದಕ್ಕೆ ಎರಡು ಮೂರು ಕೈ ಗೆಸ್ಸೊ, ಅಂದರೆ ಬಣ್ಣದಡಿಯ ಬಿಳಿ ಲೇಪ, ಬಳಿದು, ಪ್ರತಿ ಸಲವೂ ಒಣಗಿಸಿ ನಯವಾದ ಉಪ್ಪುಕಾಗದದಿಂದ ಉಜ್ಜಬೇಕು. ಗೆಸ್ಸೊ ಸಾಲದಿದ್ದರೆ ಬಟ್ಟೆ ಎಣ್ಣೆ ಕುಡಿದು ಬಣ್ಣ ಅಲ್ಲಲ್ಲಿ ಬೂದಿ ಬಡಿದಂತೆ ಮಂಕಾಗುತ್ತದೆ. ಆಮೇಲೆ ಚೌಕುಳಿ ಎಳೆದು ರೇಖಾಚಿತ್ರ, ಅದರ ಮೇಲೆ ಟರ್ಪೆಂಟೈನಿನಲ್ಲಿ ತೆಳುಮಾಡಿದ ಬರ್ನ್ಟ್ ಅಂಬರ್‌ನಲ್ಲಿ ನೆರಳು–ಬೆಳಕು. ಈ ಕಂದು ಪದರ ಗಟ್ಟಿಯಾಗಿ ಕೂತಿದ್ದರೆ ಚಿತ್ರ ಅರ್ಧ ಗೆದ್ದಂತೆ. ಚರ್ಮದ ನೆರಳಿನ ಬಿಸುಪು ಬರುವುದೇ ಇದರಿಂದ, ಮೇಲೆ ಎಷ್ಟು ಬಣ್ಣ ಹಚ್ಚಿದರೂ ಅದು ಸಿಗದು.

ಬಣ್ಣದ ಪದರಗಳಿಗೆ ಒಂದು ಕಟ್ಟುನಿಟ್ಟಿದೆ: ಕೆಳಗೆ ಎಣ್ಣೆ ಕಡಿಮೆ, ಮೇಲೆ ಹೋದಂತೆ ಹೆಚ್ಚು. ಎಣ್ಣೆ ಹೆಚ್ಚಿರುವ ಪದರ ನಿಧಾನ ಒಣಗುತ್ತದೆ. ಅದು ಅಡಿಯಲ್ಲಿದ್ದರೆ ಮೇಲಿನದು ಮೊದಲು ಬಿಗಿದು, ಕೆಳಗಿನದು ಇನ್ನೂ ಅಲುಗಾಡುವುದರಿಂದ ಮೇಲಿನದು ಬಿರುಕು ಬಿಡುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಈ ತಪ್ಪು ಹೆಚ್ಚು, ಏಕೆಂದರೆ ಐವರಿ ಬ್ಲ್ಯಾಕ್ ತೀರಾ ನಿಧಾನ ಒಣಗುವ ಬಣ್ಣ.

ಬರೆಯುವವರ ಕೈ ಅಳೆಯಬೇಕಾದರೆ ಜರಿಯಂಚು ನೋಡಿ. ಜರಿಗೆ ಅಂಗಡಿಯ ಚಿನ್ನದ ಬಣ್ಣ ಬಳಿದರೆ ಕೆಟ್ಟಿತು, ಅದು ಎಲ್ಲ ಕಡೆ ಒಂದೇ ಸಮ ಮಿರುಗಿ ಸೀರೆಯ ಮಡಿಕೆಯನ್ನೇ ಚಪ್ಪಟೆ ಮಾಡುತ್ತದೆ. ಸರಿಯಾದ ಕ್ರಮದಲ್ಲಿ ಮೊದಲು ಯೆಲ್ಲೋ ಓಕರ್‌ಗೆ ಚೂರು ಅಂಬರ್ ಬೆರೆಸಿದ ಮಂಕು ಪಟ್ಟಿ ಎಳೆಯುತ್ತಾರೆ. ಅದು ಒಣಗಿದ ಮೇಲೆ, ಬೆಳಕು ಬಿದ್ದ ಮಡಿಕೆಯ ನೆತ್ತಿಗೆ ಮಾತ್ರ ಬಿಳಿಯಲ್ಲಿ ನಿಂಬೆಹಳದಿ ಬೆರೆಸಿದ ದಪ್ಪ ಚುಕ್ಕೆಗಳು. ಹತ್ತಿರದಿಂದ ಕೆಸರು ಮೆತ್ತಿದಂತೆ ಕಾಣುವ ಅದೇ ಪಟ್ಟಿ ಆರಡಿ ಹಿಂದೆ ಸರಿದರೆ ಹೊಳೆಯುತ್ತದೆ. ಕೆಂಪು ರೇಷ್ಮೆಯ ಆಳಕ್ಕೆ ಕೊನೆಯಲ್ಲಿ ಗ್ಲೇಜ್: ಅಲಿಜರಿನ್ ಕೆಂಪನ್ನು ಅಗಸೆ ಎಣ್ಣೆಯಲ್ಲಿ ಗಾಜಿನಂತೆ ತೆಳುಮಾಡಿ, ಒಣಗಿದ ಬಣ್ಣದ ಮೇಲೆ ಸವರುವುದು.

ಬಣ್ಣ ಹೊಂದಿಸಲು ಮೊಬೈಲಿನ ಫೋಟೊ ನಂಬಿದರೆ ಮೋಸ. ಚಿತ್ರ ಅಗತ್ಯಕ್ಕಿಂತ ಗಾಢವಾಗಿ, ಕೆಲವೊಮ್ಮೆ ನೀಲಿಗೆ ತಿರುಗಿ ಕಾಣುತ್ತದೆ. ಮೂಲದ ಮೇಲಿನ ಹಳೆ ವಾರ್ನಿಷ್ ಹಳದಿಗಟ್ಟಿದ್ದರೆ ಆ ಹಳದಿಯನ್ನೂ ತರಬೇಕೇ ಬೇಡವೇ ಎಂದು ಮೊದಲೇ ಮಾತಾಡಿಕೊಳ್ಳಿ. ಬೇಡವೆನ್ನುವುದೇ ಲೇಸು, ಕಲಾವಿದ ಬರೆದದ್ದು ಬಣ್ಣವನ್ನು, ಮಾಸಿದ ವಾರ್ನಿಷ್ ಅನ್ನಲ್ಲ.

ಎರಡಡಿಗೆ ಮೂರಡಿಯ ಒಂದೇ ಆಕೃತಿಯ ಚಿತ್ರಕ್ಕೆ ಪದರ ಒಣಗುವುದೂ ಸೇರಿ ಐದಾರು ವಾರ ಬೇಕು. ಹತ್ತೇ ದಿನದಲ್ಲಿ ಕೊಡುತ್ತೇವೆಂದರೆ ಅದು ಪ್ರಿಂಟ್ ಮೇಲೆ, ಕುಂಚದ ಗೆರೆಯಂತೆ ಕಾಣಲೆಂದು, ಪಾರದರ್ಶಕ ಜೆಲ್ ಬಳಿದದ್ದಿರಬಹುದು. ಪರೀಕ್ಷೆ ಸುಲಭ: ಭೂತಗನ್ನಡಿ ಹಿಡಿದಾಗ ಚರ್ಮದ ಭಾಗದಲ್ಲಿ ನವಿರಾದ ಬಣ್ಣದ ಚುಕ್ಕಿಗಳ ಜಾಲ ಕಂಡರೆ ಅದು ಅಚ್ಚು. ಟಾರ್ಚನ್ನು ಪಕ್ಕದಿಂದ ಬಿಟ್ಟು ನೋಡಿ. ಕುಂಚದ ಗೆರೆ ಒಂದು ಕಡೆ, ಆಕೃತಿಯ ಅಂಚು ಇನ್ನೊಂದು ಕಡೆ ಓಡುತ್ತಿದ್ದರೆ ಅದು ಜೆಲ್.

ಅಂತಿಮ ವಾರ್ನಿಷ್‌ಗೆ ಆರು ತಿಂಗಳಿಂದ ಒಂದು ವರ್ಷ ಕಾಯುವುದು ರೂಢಿ. ಸುತ್ತಿ ಕಳಿಸುವುದಾದರೆ ಬಣ್ಣದ ಮುಖ ಹೊರಗಿರಲಿ, ಒಳಗಿನ ಕೊಳವೆ ದಪ್ಪಗಿರಲಿ. ಒಳಮುಖವಾಗಿ ಸುತ್ತಿದ ಬಣ್ಣ ನೆರಿಗೆಯಾಗುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಗೋಡೆಗೂ ಚೌಕಟ್ಟಿಗೂ ನಡುವೆ ಬೆರಳು ತೂರುವಷ್ಟು ಸಂದಿ ಇರಬೇಕು, ಇಲ್ಲದಿದ್ದರೆ ಬೆನ್ನಿನಿಂದ ಬೂಷ್ಟು ಹತ್ತುತ್ತದೆ.

ಹಕ್ಕಿನ ಮಾತೂ ಇದೆ. ನಮ್ಮಲ್ಲಿ ಹಕ್ಕುಸ್ವಾಮ್ಯ ಕಲಾವಿದರು ತೀರಿದ ಮೇಲೆ 60 ವರ್ಷ ಇರುತ್ತದೆ. ರವಿವರ್ಮ ತೀರಿದ್ದು 1906ರಲ್ಲಿ, ತೊಡಕಿಲ್ಲ. ಆದರೆ ಅದೇ ಜಗನ್ಮೋಹನ ಅರಮನೆಯಲ್ಲಿ ಎಲ್ಲರೂ ನಿಂತು ನೋಡುವ, ದೀಪ ಹಿಡಿದ ಹೆಣ್ಣಿನ ಚಿತ್ರವನ್ನು ಹಲವರು ರವಿವರ್ಮರದ್ದೆಂದೇ ತಿಳಿದಿದ್ದಾರೆ. ಅದು ಎಸ್.ಎಲ್. ಹಲ್ದಣ್ಕರ್ ಅವರದು. ಅವರು ತೀರಿದ್ದು 1968ರಲ್ಲಿ, ಲೆಕ್ಕದಂತೆ ಅವಧಿ 2028ರ ಕೊನೆಯವರೆಗೆ. ಅಲ್ಲದೆ ಅದು ಜಲವರ್ಣ: ಬೆರಳ ಸಂದಿನಿಂದ ಸೋರುವ ಆ ಬೆಳಕಿಗೆ ಹೊಳಪು ಕೊಡುವುದು ತೆಳುಬಣ್ಣದಡಿಯ ಕಾಗದದ ಬಿಳುಪು. ಅದನ್ನು ಎಣ್ಣೆಬಣ್ಣದಲ್ಲಿ ಎಷ್ಟೇ ಚೆನ್ನಾಗಿ ಬರೆದರೂ ರೂಪಾಂತರ ಎನ್ನಬಹುದು, ತೈಲ ಪ್ರತಿಕೃತಿ ಎನ್ನಲಾಗದು.