ವಿಷಕ್ಕೆ ಇದ್ದಿಲು: ಒಂದು ಗಂಟೆಯ ಲೆಕ್ಕ

ಮುಂಬಯಿ ಕಡೆಯ ಮಾಟುಂಗ, ಡೊಂಬಿವಲಿಯ ಕನ್ನಡಿಗರ ಮನೆಗಳಿಗೆ ಇದ್ದಿಲು ಹೊಸ ವೇಷದಲ್ಲಿ ಬಂದಿದೆ: ಕಪ್ಪು ಟೂತ್‌ಪೇಸ್ಟ್, ಫೇಸ್‌ವಾಶ್, ಗ್ಯಾಸಿಗೆಂದು ಮೆಡಿಕಲ್ ಅಂಗಡಿಯ ಕಪ್ಪು ಮಾತ್ರೆ. ಉಮಿಕರಿಯಲ್ಲಿ ಹಲ್ಲುಜ್ಜಿ ಬೆಳೆದ ಕರಾವಳಿಯ ಹಿರಿಯರಿಗೆ ಇದು ಅಚ್ಚರಿಯಲ್ಲ. ಆ ಸಲಿಗೆಯಿಂದಲೇ ಒಂದು ಅಪಾಯದ ನಂಬಿಕೆಯೂ ಹುಟ್ಟಿಕೊಂಡಿದೆ: ಮಗು ವಿಷ ನುಂಗಿದರೆ ಇದ್ದಿಲು ಅರೆದು ಕುಡಿಸಿದರಾಯಿತು ಅಂತ.

ಒಲೆಯ ಇದ್ದಿಲು ಬೇರೆ, ಆಸ್ಪತ್ರೆಯದು ಬೇರೆ. ತೆಂಗಿನ ಗೆರಟೆಯನ್ನೋ ಮರವನ್ನೋ ಸುಟ್ಟ ಇದ್ದಿಲಿಗೆ 800ರಿಂದ 1,000 ಡಿಗ್ರಿಯಲ್ಲಿ ಉಗಿ ಹಾಯಿಸಿದಾಗ ಒಳಗೆಲ್ಲ ಸೂಕ್ಷ್ಮ ರಂಧ್ರಗಳು ತೆರೆಯುತ್ತವೆ. ಹೀಗೆ ತಯಾರಾದ ಒಂದು ಗ್ರಾಂ ಪುಡಿಯ ಒಳಮೈಯನ್ನು ಹಾಸಿದರೆ 1,000 ಚದರ ಮೀಟರ್ ದಾಟುತ್ತದೆ, ಅಂದರೆ ಸುಮಾರು ಹತ್ತು ಗುಂಟೆ ಜಮೀನು. ವಿಷದ ಕಣಗಳು ಈ ಮೈಗೆ ಅಂಟಿಕೊಂಡು, ರಕ್ತಕ್ಕೆ ಸೇರದೆ ಮಲದ ಜೊತೆ ಹೊರಬೀಳುತ್ತವೆ. ಸುಟ್ಟ ಬ್ರೆಡ್ಡಿಗೆ ಈ ಗುಣವಿಲ್ಲ. ಆದರೂ ಅದೂ ಒಂದು ಕಾಲದಲ್ಲಿ ‘ಸರ್ವವಿಷಹಾರಿ’ ಮಿಶ್ರಣದೊಳಗೆ ನುಸುಳಿತ್ತು.

1831ರಲ್ಲಿ ಫ್ರಾನ್ಸಿನ ಔಷಧತಜ್ಞ ತೂಯೆರಿ, ವೈದ್ಯಕೀಯ ಅಕಾಡೆಮಿಯ ಸದಸ್ಯರೆದುರೇ ಇದ್ದಿಲಿನೊಂದಿಗೆ ಮಾರಕ ಪ್ರಮಾಣದ ಸ್ಟ್ರಿಕ್‌ನಿನ್ ಎಂಬ ವಿಷ ಕುಡಿದು ಬದುಕುಳಿದರೆಂದು ದಾಖಲಾಗಿದೆ. ಎರಡನ್ನೂ ಒಟ್ಟಿಗೆ ಕುಡಿದದ್ದೇ ಅವರ ಜೀವ ಉಳಿಸಿದ ಗುಟ್ಟು. ನಿಜ ಜೀವನದಲ್ಲಿ ವಿಷ ಮೊದಲು, ಇದ್ದಿಲು ಆಮೇಲೆ. ಮೊದಲನೇ ಮಹಾಯುದ್ಧದ ಗ್ಯಾಸ್ ಮುಖವಾಡಗಳೊಳಗೆ ಗೆರಟೆ ಇದ್ದಿಲು ತುಂಬಿದ ಮೇಲೆ ಅದರ ಹೆಸರು ಇನ್ನಷ್ಟು ಹಬ್ಬಿತು. ಮುಂದೆ ಹಲವು ದಶಕ, ವಿಷ ನುಂಗಿ ಬಂದವರಿಗೆಲ್ಲ ಇದನ್ನು ಕುಡಿಸುವುದು ಆಸ್ಪತ್ರೆಗಳಲ್ಲಿ ರೂಢಿಯಾಯಿತು.

1997ರಲ್ಲಿ ಅಮೆರಿಕ ಮತ್ತು ಯುರೋಪಿನ ವಿಷಶಾಸ್ತ್ರ ಸಂಘಗಳು ಆ ರೂಢಿಗೆ ಕಡಿವಾಣ ಹಾಕಿದವು: ಎಲ್ಲರಿಗೂ ಬೇಡ, ನುಂಗಿದ ಒಂದು ಗಂಟೆಯೊಳಗಾದರೆ ಯೋಚಿಸಿ. 2008ರಲ್ಲಿ ಪ್ರಕಟವಾದ ಶ್ರೀಲಂಕಾದ ಅಧ್ಯಯನ ನಮಗೆ ಹೆಚ್ಚು ಹತ್ತಿರದ್ದು. ಕೀಟನಾಶಕ, ಹಳದಿ ಕಣಗಿಲೆ ಬೀಜ ಮುಂತಾದವನ್ನು ನುಂಗಿದ 4,600ಕ್ಕೂ ಹೆಚ್ಚು ಮಂದಿಯಲ್ಲಿ, ಇದ್ದಿಲು ಕುಡಿದವರ ಮತ್ತು ಕುಡಿಯದವರ ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬಹಳಷ್ಟು ಜನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಗಂಟೆಗಳೇ ಕಳೆದಿದ್ದವು.

ಇಂದಿನ ಲೆಕ್ಕ ಹೀಗಿದೆ. ದೊಡ್ಡವರಿಗೆ ಸಾಮಾನ್ಯವಾಗಿ 50 ಗ್ರಾಂ, ಮಗುವಿಗೆ ಕಿಲೋ ತೂಕಕ್ಕೆ ಒಂದು ಗ್ರಾಂ. ಗ್ರಾಮಿಗೆ ಸುಮಾರು 8 ಮಿ.ಲೀ. ನೀರು ಹಾಕಿ ಕಲಕಿದರೆ ದೋಸೆಹಿಟ್ಟಿಗಿಂತ ತೆಳ್ಳಗಿನ, ಮರಳುಮರಳಾದ ಕರಿ ನೀರು. 50 ಗ್ರಾಮಿಗೆ 400 ಮಿ.ಲೀ. ಅಂದರೆ ಎರಡು ಲೋಟ, ಕುಡಿಯಲು ಸುಲಭವಲ್ಲ. ಅಂಗಡಿಯ ಮಾತ್ರೆಯಲ್ಲಿರುವುದು ಮಿಲಿಗ್ರಾಂ ಲೆಕ್ಕ, ವಿಷದ ಮುಂದೆ ಅದು ಏನೇನೂ ಅಲ್ಲ. ಕಾರ್ಬಮಜೆಪಿನ್, ಫಿನೋಬಾರ್ಬಿಟಾಲ್, ಡ್ಯಾಪ್ಸೋನ್, ಥಿಯೋಫಿಲಿನ್, ಕ್ವಿನೈನ್‌ನಂಥ ಕೆಲವು ಔಷಧಿಗಳನ್ನು ಮಿತಿಮೀರಿ ನುಂಗಿದವರಿಗೆ ಗಂಟೆ ಮೀರಿದರೂ ಹಲವು ಸಲ ಕೊಡುವುದುಂಟು. ಅದು ವೈದ್ಯರ ತೀರ್ಮಾನ.

ಕಬ್ಬಿಣದ ಮಾತ್ರೆ, ಲಿಥಿಯಂ, ಮದ್ಯ, ಮೆಥನಾಲ್ ಇದಕ್ಕೆ ಅಂಟುವುದೇ ಇಲ್ಲವೆನ್ನಬೇಕು. ಟಾಯ್ಲೆಟ್ ಕ್ಲೀನರಿನಂಥ ಆಸಿಡ್ ನುಂಗಿದವರಿಗೆ ಕುಡಿಸಿದರೆ ಲಾಭವಿಲ್ಲ, ಮೇಲಾಗಿ ಅನ್ನನಾಳದ ಸುಟ್ಟ ಗಾಯವನ್ನು ಎಂಡೋಸ್ಕೋಪಿಯಲ್ಲಿ ನೋಡಲಾಗದಂತೆ ಮಸಿ ಮುಚ್ಚುತ್ತದೆ. ಸೀಮೆಎಣ್ಣೆ ಕುಡಿದವರಿಗೆ ಇದನ್ನು ಕುಡಿಸಿ ವಾಂತಿಯಾದರೆ ಎಣ್ಣೆ ಶ್ವಾಸಕೋಶಕ್ಕಿಳಿಯಬಹುದು. ಅತಿ ದೊಡ್ಡ ಭಯವೂ ಅದೇ ದಾರಿಯದು: ಮಂಪರಿನಲ್ಲಿರುವವರಿಗೆ ಕುಡಿಸಿದ ಇದ್ದಿಲು ವಾಂತಿಯೊಡನೆ ಉಸಿರಿನ ನಾಳ ಸೇರಿದರೆ ಕೆಟ್ಟ ನ್ಯುಮೋನಿಯ. ಕರುಳು ಕಟ್ಟಿಕೊಂಡಿದ್ದರೂ ಕೊಡಬಾರದು. ಮಲ ಕಪ್ಪಾಗುವುದಕ್ಕೆ ಗಾಬರಿ ಬೇಡ.

ಗ್ಯಾಸಿಗೆ ಮಾತ್ರ ಒಂದಿಷ್ಟು ಆಧಾರ ಇದೆ. ಊಟಕ್ಕೆ ಅರ್ಧ ಗಂಟೆ ಮೊದಲು ಒಂದು ಗ್ರಾಂ, ಊಟವಾದ ಕೂಡಲೇ ಒಂದು ಗ್ರಾಂ ಎಂಬ ಪ್ರಮಾಣವನ್ನು 2011ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಒಪ್ಪಿತು. ಆದರೆ ಇದ್ದಿಲು ವಿಷ ಯಾವುದು, ಔಷಧಿ ಯಾವುದು ಎಂದು ಕೇಳುವುದಿಲ್ಲ. ಥೈರಾಯ್ಡ್ ಮಾತ್ರೆ, ಗರ್ಭನಿರೋಧಕ ಮಾತ್ರೆ, ಎಲ್ಲವನ್ನೂ ಹಿಡಿದಿಡಬಲ್ಲದು. ಕಡಿಮೆಯೆಂದರೂ ಎರಡು ಗಂಟೆ ಅಂತರವಿರಲಿ. ಕಪ್ಪು ಐಸ್‌ಕ್ರೀಮಿಗೂ ಈ ಮಾತು ಸಲ್ಲುತ್ತದೆ.

ಮನೆಯಲ್ಲಿ ಯಾರಾದರೂ ಏನಾದರೂ ನುಂಗಿದರೆ ಬಾಯಿಗೆ ಬೆರಳಿಟ್ಟು ವಾಂತಿ ಮಾಡಿಸಬೇಡಿ, ಇದ್ದಿಲನ್ನೂ ಕುಡಿಸಬೇಡಿ. 108ಕ್ಕೆ ಫೋನ್ ಮಾಡಿ. ದೆಹಲಿಯ ಏಮ್ಸ್ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ನುಂಗಿದ ಹೊತ್ತನ್ನು ಚೀಟಿಯಲ್ಲಿ ಬರೆದು, ಮಾತ್ರೆಯ ಖಾಲಿ ಪಟ್ಟಿ ಅಥವಾ ಬಾಟಲಿಯ ಜೊತೆ ಆಸ್ಪತ್ರೆಗೆ ಒಯ್ಯಿರಿ. ಇದ್ದಿಲು ಬೇಕೋ ಬೇಡವೋ ಎಂದು ಅಲ್ಲಿ ನಿರ್ಧರಿಸುವುದು ಆ ಎರಡನ್ನು ನೋಡಿಯೇ.