ಹಿರಿಯರನ್ನು ಕರೆಯುವ ಮೊದಲು

ರೋಲ್‌ಪ್ಲೇ ಆಟ ಅಂದ್ರೆ ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ದಾಳ ಹಾಕುತ್ತ ಕೂಡಿ ಕಥೆ ಕಟ್ಟುವ ಆಟ; ಉಳಿದ ಪಾತ್ರಗಳ ಮಾತೆಲ್ಲ ಆಡಿಸುವವರದು. ಈ ಆಟಕ್ಕೆ ಹೊಸದಾಗಿ ಬಂದವರು ಹಿರಿಯರ ಆತ್ಮವನ್ನು ಸಾಮಾನ್ಯವಾಗಿ ಎರಡೇ ರೀತಿ ನೋಡುತ್ತಾರೆ. ಒಂದೋ ಕತ್ತಿ ಹಿರಿದು ಹೊಡೆಯಬೇಕಾದ ದೆವ್ವ, ಇಲ್ಲವೇ ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ವಿಚಾರಣೆ ಕೌಂಟರ್. ಕಲಬುರಗಿಯಲ್ಲಿ ಕಾಲೇಜು ಹುಡುಗ ಹುಡುಗಿಯರಿಗೆ ಈ ಆಟ ಆಡಿಸುವ ನನಗೆ ಇವೆರಡನ್ನೂ ಬಿಡಿಸುವುದೇ ದೊಡ್ಡ ಕೆಲಸ. ಹಿರಿಯರು ಅಂದ್ರೆ ಮನೆಯವರು. ಸತ್ತ ಮೇಲೂ ಅವರಿಗೆ ಮನೆಯ ಮೇಲೆ ಹಕ್ಕಿದೆ, ಸಿಟ್ಟಿದೆ, ಅಕ್ಕರೆಯೂ ಇದೆ.

ನಾನು ಹೆಚ್ಚಾಗಿ ಆಡಿಸುವುದು ಗ್ಲೊರಾಂಥ ಎಂಬ ಲೋಕದ ಕಥೆಗಳನ್ನು. ಗ್ರೆಗ್ ಸ್ಟಾಫರ್ಡ್ ಕಟ್ಟಿದ ಲೋಕ ಅದು. 1978ರಲ್ಲಿ ಬಂದ ರೂನ್‌ಕ್ವೆಸ್ಟ್ ಆಟ ನಡೆಯುವುದು ಅಲ್ಲೇ. ಅಲ್ಲಿ ದೊಡ್ಡ ದೇವರುಗಳನ್ನು ನಂಬಿ ಬಲಿ ಕೊಡುವ ಜನರಿದ್ದಾರೆ, ಲೆಕ್ಕಾಚಾರದಿಂದ ಮಾಟ ಮಾಡುವವರೂ ಇದ್ದಾರೆ. ಇನ್ನು ಕೆಲವರಿಗೆ ಲೋಕದ ತುಂಬ ಆತ್ಮಗಳೇ. ಕಲ್ಲಿಗೂ ಹೊಳೆಗೂ ಪ್ರಾಣಿಗೂ ಒಂದೊಂದು ಆತ್ಮ, ಒಂದೊಂದರ ಜೊತೆಗೂ ಬೇರೆ ಬೇರೆ ಒಪ್ಪಂದ.

ಪ್ರಾಕ್ಸ್ ಎಂಬ ಬರಡು ನಾಡಿನ ಅಲೆಮಾರಿಗಳನ್ನು ನೋಡಿ. ತಿನ್ನಲು ಎಲ್ಲರಿಗೂ ಸಾಲದಾದಾಗ ವಾಹಾ ಎಂಬ ದೇವರು ಮನುಷ್ಯರಿಗೂ ಪ್ರಾಣಿಗಳಿಗೂ ಚೀಟಿ ಎತ್ತಿಸಿದನಂತೆ. ಗೆದ್ದವರು ತಿನ್ನಬೇಕು, ಸೋತವರು ಹುಲ್ಲು ಮೇಯಬೇಕು. ಹೆಚ್ಚಿನ ಕಡೆ ಮನುಷ್ಯರೇ ಗೆದ್ದರು. ಮೊರೊಕಾಂಥ್ ಎಂಬ ಪ್ರಾಣಿ ಮಾತ್ರ ಗೆದ್ದುಬಿಟ್ಟಿತು, ಹಾಗಾಗಿ ಅದರ ಹಿಂಡಿನಲ್ಲಿ ಮೇಯುವುದು ಮನುಷ್ಯರೇ! ಆದರೆ ಗೆದ್ದವರಿಗೂ ಒಂದು ಕಟ್ಟುಪಾಡಿದೆ. ಪ್ರಾಣಿಯನ್ನು ಕೊಯ್ಯುವಾಗ ವಾಹಾ ಕಲಿಸಿದ ರೀತಿಯಲ್ಲೇ ಕೊಯ್ಯಬೇಕು, ಅದರ ಆತ್ಮವನ್ನು ಹಿಂಡಿನ ತಾಯಿ ಐರಿಥಾ ಹತ್ತಿರ ನೆಮ್ಮದಿಯಿಂದ ಕಳಿಸಬೇಕು. ಊಟಕ್ಕಾಗಿ ಕೊಂದ ಪ್ರಾಣಿಯ ಜೊತೆಗೇ ಇಷ್ಟು ನಡೆದುಕೊಳ್ಳುವವರು ಸ್ವಂತ ಅಜ್ಜಿಯ ಜೊತೆ ಹೇಗೆ ನಡೆದುಕೊಳ್ಳಬೇಡ?

ಅಲ್ಲಿ ಸತ್ತವರ ನ್ಯಾಯ ಮಾಡುವವನು ಡಾಕಾ ಫಾಲ್. ಮೊಟ್ಟಮೊದಲು ಸತ್ತ ಮನುಷ್ಯನೇ ಅವನು. ಇದ್ದವರು ಈ ಕಡೆ, ಸತ್ತವರು ಆ ಕಡೆ ಎಂದು ಗೆರೆ ಎಳೆದವನೂ ಅವನೇ. ಅವನನ್ನು ಪೂಜಿಸುವವರು ಕರೆಯುವುದು ತಮ್ಮ ವಂಶದ ಹಿರಿಯರನ್ನು. ಹೆಸರು ಹಿಡಿದು ಕರೆಯದಿದ್ದರೆ ವಂಶದ ಯಾರಾದರೂ ಬರಬಹುದು. ನನಗೆ ಈ ನಿಯಮ ತುಂಬಾ ಇಷ್ಟ. ಧೀರ ಮುತ್ತಜ್ಜನೇ ಬರುತ್ತಾನೆ ಅಂತ ಕಾದು ಕೂತವರ ಮುಂದೆ ಜಗಳಗಂಟ ಸೋದರತ್ತೆ ಬಂದು ನಿಲ್ಲಬಹುದು. ಅವಳಿಗೂ ಮರ್ಯಾದೆ ಕೊಡಬೇಕು, ಅಲ್ವಾ?

ಒಂದು ಆಟದಲ್ಲಿ ಪ್ರಾಕ್ಸ್‌ನ ಬೈಸನ್ (ಕಾಡುಕೋಣದಂಥ ಪ್ರಾಣಿ) ಸವಾರಳ ಪಾತ್ರ ಮಾಡುತ್ತಿದ್ದ ಹುಡುಗಿ ನೀರು ಎಲ್ಲಿದೆ ಅಂತ ಕೇಳಲು ಅಜ್ಜಿಯನ್ನು ಕರೆದಳು. ದಾಳ ಚೆನ್ನಾಗಿಯೇ ಬಿತ್ತು, ಅಜ್ಜಿ ಬಂದಳು. ಅಜ್ಜಿಯ ದನಿಯಲ್ಲಿ ನಾನು ಕೇಳಿದೆ: "ಅದಿರಲಿ, ನನ್ನ ಹಿಂಡು ಎಲ್ಲದ?" ಹುಡುಗಿ ಸುಮ್ಮನಾದಳು. ಹಿಂದಿನ ವಾರವಷ್ಟೇ ಅರ್ಧ ಹಿಂಡು ಮಾರಿ ಕತ್ತಿ ಕೊಂಡಿದ್ದಳು. ಪಕ್ಕದಲ್ಲಿದ್ದ ಚಿತ್ತಾಪುರದ ಹುಡುಗ ಮೆಲ್ಲಗೆ ಅಂದ, "ಮದಲ ಎಡಿ ಇಡಬೇಕಿತ್ರಿ ಸರ್, ಆಮ್ಯಾಲ ಕೇಳಬೇಕಿತ್ತು." ನೀರಿನ ಮಾತು ಬಂದಿದ್ದು ಆಟದ ಕೊನೆಗೆ. ಅಷ್ಟರಲ್ಲಿ ಆ ಹುಡುಗಿ ಹಿಂಡನ್ನು ಮರಳಿ ತರುತ್ತೇನೆ ಅಂತ ಮಾತು ಕೊಟ್ಟಾಗಿತ್ತು. ಮುಂದಿನ ಎಷ್ಟೋ ಆಟಗಳು ಆ ಒಂದು ಮಾತಿನಿಂದಲೇ ಹುಟ್ಟಿದವು.

ಆ ಹುಡುಗನಿಗೆ ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಮಹಾಲಯ ಅಮಾವಾಸ್ಯೆಗೆ ನಮ್ಮ ಎಷ್ಟೋ ಮನೆಗಳಲ್ಲಿ ಎಡೆ ಇಡುವುದನ್ನು ಮಕ್ಕಳು ನೋಡಿಯೇ ಬೆಳೆದಿರುತ್ತಾರೆ. ಎಲೆ ಅಡಿಕೆ ಹಾಕುತ್ತಿದ್ದವರಿಗೆ ಎಲೆ ಅಡಿಕೆ, ಬೀಡಿ ಸೇದುತ್ತಿದ್ದವರಿಗೆ ಬೀಡಿ. ಹಾಗಂತ ಪ್ರಾಕ್ಸ್ ನಮ್ಮೂರಲ್ಲ. ಮನೆಯ ನಂಬಿಕೆಯನ್ನು ಎತ್ತಿ ತಂದು ಆಟದ ಮಂತ್ರ ಮಾಡುವುದು ನನಗೆ ಸರಿ ಕಾಣುವುದಿಲ್ಲ, ಹಾಗೆ ಮಾಡಲು ಯಾರನ್ನೂ ಬಿಡುವುದೂ ಇಲ್ಲ. ತೆಗೆದುಕೊಳ್ಳಬೇಕಾದ್ದು ನಡೆದುಕೊಳ್ಳುವ ರೀತಿಯನ್ನಷ್ಟೇ.

ಸಂಬಂಧ ಇಲ್ಲದ ಸತ್ತವರ ಮಾತು ಬೇರೆ. ಯಾದಗಿರಿ ಜಿಲ್ಲೆಯ ರಾಜನಕೋಳೂರಿನಲ್ಲಿ ದೊಡ್ಡ ದೊಡ್ಡ ಚಪ್ಪಡಿ ನಿಲ್ಲಿಸಿ ಸತ್ತವರಿಗಾಗಿ ಕಟ್ಟಿದ, ಶಿಲಾಯುಗದ ನಂತರದ ಕಲ್ಲುಮನೆಗಳಿವೆ. ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 19ನೇ ಶತಮಾನದಲ್ಲೇ ಇವುಗಳ ಬಗ್ಗೆ ಬರೆದಿದ್ದಾನೆ. ಊರವರು ಇವನ್ನು ಮೋರ್ಯರ ಮನೆ ಅನ್ನುತ್ತಿದ್ದರು. ಯಾರೋ ಹಿಂದಿನವರದು, ನಮ್ಮವರದಲ್ಲ ಅನ್ನುವ ಭಾವ ಅದರಲ್ಲಿದೆ. ನನ್ನ ಆಟದಲ್ಲೂ ಹಾಗೇ. ಅಂಥ ಕಲ್ಲಿನ ಮುಂದೆ ಯಾರಾದರೂ ಆತ್ಮ ಕರೆಯುತ್ತೇನೆ ಅಂದರೆ, ನೀನು ಯಾರ ಮಗ ಅಂತ ಕೇಳುವ ದನಿಯೇ ಮೊದಲು ಬರುತ್ತದೆ. ಉತ್ತರ ಇಲ್ಲದಿದ್ದರೆ ಮಾತುಕತೆಯೂ ಇಲ್ಲ.

ಹಾಗೆಯೇ, ಒಂದು ಜಾಗಕ್ಕೆ ಸಿಕ್ಕಿಕೊಂಡು ಒದ್ದಾಡುವ ದೆವ್ವವನ್ನು ಹಿರಿಯರ ಸಾಲಿಗೆ ಸೇರಿಸಬೇಡಿ. ಡಾಕಾ ಫಾಲ್ ಭಕ್ತರ ಹತ್ತಿರ ಅದನ್ನು ಬಿಡಿಸುವ ಮಂತ್ರವೇ ಇದೆ. ಸತ್ತೂ ನಡೆದಾಡುವ ಹೆಣಗಳೆಂದರೆ ಮಾತ್ರ ಅವರಿಗೆ ಆಗುವುದಿಲ್ಲ, ಗೆರೆ ದಾಟಿ ನಿಂತವು ಅವು. ಆಟಗಾರರು ದೆವ್ವದ ಮೇಲೆ ಕತ್ತಿ ಎತ್ತಿದರೆ ಒಂದು ಗಳಿಗೆ ನಿಲ್ಲಿಸಿ. ಅದು ಯಾರ ಮನೆಯದು ಅಂತ ಮೊದಲು ಹುಡುಕಲಿ, ಆ ಮನೆಯವರನ್ನು ಕರೆತರಲಿ. ಬಿಡಿಸುವ ಕೆಲಸ ಅವರ ಎದುರಿಗೇ ಆಗಲಿ.